ಮೂವತ್ತೊಂದರ ಅಂಗಿ

ಹತ್ತು ವರ್ಷದ ಹಿಂದೆ ಬರೆದು ಮರೆತಿದ್ದ ಒಂದು ಸಾಲು ಆ ಶನಿವಾರ ಬೆಳಿಗ್ಗೆ ವರ್ಲಿನ್ ಪೋಸ್ಮನನ್ನು ಹುಡುಕಿಕೊಂಡು ಅವನ ಅಡುಗೆಮನೆಗೇ ಬಂದಿತು. ತಂದವಳು ಅವನ ಹೆಂಡತಿ ಆರ್ಲೀನ್. ಅಟ್ಟದ ಪೆಟ್ಟಿಗೆಯಿಂದ ಬೇಸ್‌ಬಾಲ್ ತಂಡದ ಹಳೆಯ ಪುಸ್ತಿಕೆಯೊಂದನ್ನು ತೆಗೆದು, ಧೂಳು ಕೊಡವಿ, ಅವನ ಕಾಫಿಯ ಪಕ್ಕದಲ್ಲಿ ಪುಟ ಬಿಡಿಸಿ ಇಟ್ಟಳು.

“ಓದ್ಕೋ. ಮಧ್ಯಾಹ್ನ ಎಲ್ಲರ ಎದುರಿಗೆ ಇದನ್ನೇ ಓದ್ತಾರೆ. ಈಗಲೇ ಓದ್ಕೊಂಡ್ರೆ ಆಗ ಮುಖ ಹೇಗಿಟ್ಕೋಬೇಕು ಅಂತಾದ್ರೂ ಗೊತ್ತಾಗತ್ತೆ.”

ವರ್ಲಿನ್ ಕನ್ನಡಕ ಏರಿಸಿ ಓದಿದ. ಮಾತು ತನ್ನದೇ, ಸೊಕ್ಕೂ ತನ್ನದೇ.

‘ನಂಬರ್ ಮೂವತ್ತೊಂದು, ಕೋಲ್ಬಿ ರಸ್ಕ್. ಇವನು ಎಸೆದ ಚೆಂಡು ಬ್ಯಾಟಿನವರೆಗೆ ಬರುವಷ್ಟರಲ್ಲಿ ಬ್ಯಾಟು ಹಿಡಿದವನು ಅಮ್ಮನಿಗೆ ಒಂದು ಕಾಗದ ಬರೆದು ಮುಗಿಸಬಹುದು. ಮೂರು ವರ್ಷದಲ್ಲಿ ಇವನನ್ನು ನೋಡಬೇಕೆಂದರೆ ಚಪ್ಪಲಿ ಅಂಗಡಿಗೆ ಹೋಗಿ.’

ಅದರ ಕೆಳಗೇ ಇನ್ನೊಂದು. ‘ನಂಬರ್ ಹದಿನೆಂಟು, ಟ್ರೆಂಟ್ ಹೋಗನ್. ಈ ಕೈಯನ್ನು ದೇವರು ಬಿಡುವು ಮಾಡಿಕೊಂಡು, ಕೂತು ಮಾಡಿದ್ದಾನೆ. ಮೂರು ವರ್ಷದಲ್ಲಿ ದೊಡ್ಡ ಲೀಗು. ಬೇಕಾದರೆ ಬರೆದಿಟ್ಟುಕೊಳ್ಳಿ.’

ಊರಿನವರು ಬರೆದಿಟ್ಟುಕೊಂಡಿದ್ದರು. ಅದೇ ಈಗ ಬಂದಿದ್ದ ಆಪತ್ತು. ಟ್ರೆಂಟ್ ಹೋಗನ್ ಮುಂದಿನ ಬೇಸಗೆಯಲ್ಲೇ ಆಟ ಬಿಟ್ಟು ಮಿಲ್ಬರ್ಗಿನಲ್ಲೇ ಟೈರು ಅಂಗಡಿ ಹಾಕಿದ. ಕೋಲ್ಬಿ ರಸ್ಕ್ ದೊಡ್ಡ ಲೀಗಿನಲ್ಲಿ ಎಂಟು ವರ್ಷ ಚೆಂಡು ಎಸೆದ, ಎಸೆಯುತ್ತಲೂ ಇದ್ದ. ಭುಜದ ನೋವಿಗೆಂದು ಒಂದು ತಿಂಗಳು ವಿಶ್ರಾಂತಿಯಲ್ಲಿದ್ದವನು, ತಾನು ಮೊದಲು ಆಡಿದ ಊರನ್ನು ನೋಡಿ ಹೋಗುತ್ತೇನೆಂದು ಇದೇ ದಿನ ಬರುವವನಿದ್ದ.

ಮಿಲ್ಬರ್ಗ್ ಅಂದರೆ ಅಯೋವಾದ ಜೋಳದ ಹೊಲಗಳ ನಡುವೆ ಒಂದು ಧಾನ್ಯದ ಗೋದಾಮು, ಮೂರು ಚರ್ಚು, ಒಂದು ಬೇಸ್‌ಬಾಲ್ ಮೈದಾನ. ತಂಡದ ಹೆಸರು ಕ್ಯಾಟ್‌ಫಿಶ್, ಅಂದರೆ ಮೀಸೆ ಮೀನು. ದೊಡ್ಡ ಲೀಗಿಗೆ ಹತ್ತುವ ಏಣಿಯ ಕಟ್ಟಕಡೆಯ ಮೆಟ್ಟಿಲಿನ ತಂಡ. ಹತ್ತೊಂಬತ್ತು ಇಪ್ಪತ್ತರ ಹುಡುಗರು ಬರುತ್ತಾರೆ, ಒಂದೆರಡು ಬೇಸಗೆ ಆಡುತ್ತಾರೆ. ಮೂವತ್ತು ಜನರಲ್ಲಿ ಒಬ್ಬ ಮೇಲೆ ಹೋದರೆ ಹೆಚ್ಚು, ಉಳಿದವರು ಮನೆಗೆ. ಆ ಒಬ್ಬ ಯಾರೆಂದು ಮೊದಲೇ ಹೇಳುವುದು ವರ್ಲಿನ್‌ನ ಕೆಲಸ. ದನದ ಮೇವಿನ ಅಂಗಡಿ ನಡೆಸುತ್ತಿದ್ದಾಗಲೂ, ಅಂಗಡಿ ಮಾರಿ ಕೂತ ಮೇಲೂ, ಮೂವತ್ತೊಂದು ವರ್ಷದಿಂದ ತಂಡದ ಪುಸ್ತಿಕೆಯ ಐದನೆಯ ಪುಟ ಅವನದು. ತಲೆಬರಹ: ‘ಯಾರು ಮೇಲೆ, ಯಾರು ಮನೆಗೆ’. ಅವನಿಗೆ ಮಕ್ಕಳಿಲ್ಲ, ಹೊಲವಿಲ್ಲ, ಹಾಡಲು ಬರುವುದಿಲ್ಲ. ಆ ಪುಟವೇ ಅವನ ಆಸ್ತಿ.

ಅವನ ಪದ್ಧತಿಯೂ ಅಷ್ಟೇ ಬಿಗಿ. ಏಪ್ರಿಲ್‌ನ ಒಂದು ಚಳಿ ದಿನ, ಯಾವ ದಿನವೆಂದು ಯಾರಿಗೂ ಹೇಳದೆ, ಮೈದಾನದ ಮೇಲಿನ ಕೊನೆಯ ಸಾಲಿನಲ್ಲಿ ಒಬ್ಬನೇ ಕೂತು ಅಭ್ಯಾಸ ನೋಡುವುದು. ಆಟಗಾರರನ್ನು ಮಾತಾಡಿಸುವುದಿಲ್ಲ. ಮಾತಾಡಿಸಿದರೆ ಮನಸ್ಸು ಕರಗುತ್ತದೆ, ಮನಸ್ಸು ಕರಗಿದರೆ ಕಣ್ಣು ಮಂಜಾಗುತ್ತದೆ ಎಂದು ಅವನ ವಾದ. ಕೆಳಗಿನ ತಂಡದ ಅಂಗಿಗಳಲ್ಲಿ ಹೆಸರಿರುವುದಿಲ್ಲ, ಬೆನ್ನ ಮೇಲೆ ನಂಬರು ಮಾತ್ರ. ನಂಬರು ಹಾಕಿ ಬರೆದುಕೊಂಡು, ಮನೆಗೆ ಬಂದು ಪಟ್ಟಿ ನೋಡಿ ಹೆಸರು ಸೇರಿಸುತ್ತಿದ್ದ.

ಊರಿನವರದೂ ಒಂದು ಪದ್ಧತಿ ಇತ್ತು. ಊರಿನ ಮೊದಲ ಪಂದ್ಯದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಊಟದ ನಡುವೆ ಹತ್ತು ವರ್ಷ ಹಿಂದಿನ ಐದನೆಯ ಪುಟದ ವಾಚನ. ಭವಿಷ್ಯ ನಿಜವಾಗಿದ್ದರೆ ಹೇಳಿದವನಿಗೆ ಚಪ್ಪಾಳೆ. ಸುಳ್ಳಾಗಿದ್ದರೆ, ಆ ದಿನದ ಪಂದ್ಯ ಮುಗಿಯುವವರೆಗೆ ಅವನು ತಂಡದ ಮೀಸೆ ಮೀನಿನ ವೇಷ ಹಾಕಿ ಮೈದಾನದ ಸುತ್ತ ಕುಣಿಯಬೇಕು. ವರ್ಲಿನ್ ಸತತವಾಗಿ ನಾಲ್ಕು ವರ್ಷ ಮೀನಾಗಿದ್ದ. ಈ ಚಳಿಗಾಲದಲ್ಲಿ ಅಭಿಮಾನಿ ಸಂಘ ಒಂದು ನಿರ್ಣಯ ಮಾಡಿತ್ತು: ಐದನೆಯ ಸಲವೂ ಮೀನಾದರೆ ಐದನೆಯ ಪುಟ ಅವನ ಕೈ ತಪ್ಪಿ ಸಂಘದ ಅಧ್ಯಕ್ಷ, ಊರಿನ ಹಲ್ಲಿನ ಡಾಕ್ಟರು ನಾರಿಸ್ ಹ್ಯೂಬರರ ಕಂಪ್ಯೂಟರಿಗೆ ಹೋಗತಕ್ಕದ್ದು.

“ತಪ್ಪಾಯ್ತು ಅಂತ ಒಂದು ಮಾತು ಹೇಳ್ಬಿಡು,” ಎಂದಳು ಆರ್ಲೀನ್. “ನೀನು ಹಾಗೆ ಹೇಳಿದ್ದನ್ನ ಯಾರೂ ಕೇಳಿಲ್ಲ. ಬೆರಗಾಗಿ ಪುಟ ನಿನಗೇ ಬಿಟ್ರೂ ಬಿಟ್ಟಾರು.”

“ತಪ್ಪಾಗಿದ್ರೆ ತಾನೇ ಹೇಳೋದು?” ಎಂದ ವರ್ಲಿನ್. “ಆವತ್ತು ನಾನು ನೋಡಿದ್ದು ನೋಡಿದ್ದೇ. ಹದಿನೆಂಟರ ಕೈ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಲೆ ಹೋಗದೆ ಇದ್ದಿದ್ದು ಆ ಕೈ ತಪ್ಪು, ನನ್ನ ತಪ್ಪಲ್ಲ.”

ಆರ್ಲೀನ್ ಪುಸ್ತಿಕೆಯನ್ನು ಮಡಿಸಿದಳು. ನಲವತ್ತು ವರ್ಷದಲ್ಲಿ ಗೋಡೆಗೆ ಎಷ್ಟು ಹೇಳಬಹುದೋ ಅಷ್ಟನ್ನು ಅವಳು ಹೇಳಿ ಮುಗಿಸಿದ್ದಳು.

ವರ್ಲಿನ್ ಟ್ರಕ್ಕು ಹತ್ತಿ ಹೊರಟ. ಚರ್ಚಿನ ಮುಂದಿನ ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೀಗಿತ್ತು: ‘ತಪ್ಪು ಭವಿಷ್ಯ ಹೇಳಿದವರನ್ನೂ ದೇವರು ಕ್ಷಮಿಸುತ್ತಾನೆ. ಕೋಲ್ಬಿ ರಸ್ಕ್‌ಗೆ ಸ್ವಾಗತ. ಊಟ ಹನ್ನೆರಡಕ್ಕೆ.’ ಹೋಟೆಲಿನ ಮುಂದೆ ಸೀಮೆಸುಣ್ಣದಲ್ಲಿ ಬರೆದ ಇನ್ನೊಂದು ಹಲಗೆ: ‘ಇಂದಿನ ವಿಶೇಷ, ಚಪ್ಪಲಿ ಪ್ಯಾನ್‌ಕೇಕ್’. ಒಳಗೆ ಹೋಗಿ ಕೂತರೆ ಕೇಳದೆಯೇ ಒಂದು ಜೊತೆ ತಂದು ಎದುರಿಗಿಟ್ಟರು. ಎಡಗಾಲಿನದೊಂದು, ಬಲಗಾಲಿನದೊಂದು, ಬೆಣ್ಣೆಯಲ್ಲಿ ಬಾರು ಬೇರೆ.

ಪಕ್ಕದ ಮೇಜಿನಲ್ಲಿ ಡಾಕ್ಟರ್ ಹ್ಯೂಬರ್ ಕಂಪ್ಯೂಟರು ಬಿಡಿಸಿಕೊಂಡು ಕೂತಿದ್ದರು. ತೆಳ್ಳಗೆ, ಬೆಳ್ಳಗೆ, ಹೊಸ ಹಲ್ಲುಜ್ಜುವ ಬ್ರಷ್ಷಿನಂತಿದ್ದ ಮನುಷ್ಯ.

“ಬೇಜಾರು ಮಾಡ್ಕೋಬೇಡಿ ವರ್ಲಿನ್,” ಎಂದರು. “ನಿಮ್ಮ ಮೂವತ್ತೊಂದು ವರ್ಷದ ಭವಿಷ್ಯಾನೆಲ್ಲ ಇದಕ್ಕೆ ತುಂಬಿಸಿದೀನಿ. ನೂರಕ್ಕೆ ಹದಿನಾಲ್ಕು ಸರಿ. ನಾಣ್ಯ ಚಿಮ್ಮಿದ್ರೆ ಐವತ್ತು ಬರ್ತಿತ್ತು.”

“ನಿಮ್ಮ ಡಬ್ಬಕ್ಕೆ ಹುಡುಗನ ಭುಜ ಕಾಣತ್ತಾ ಡಾಕ್ಟ್ರೆ?”

“ಕಾಣೋದು ಬೇಡ. ಅದಕ್ಕೆ ಅಂಕಿ ಸಾಕು. ಅದಕ್ಕೆ ಚಳಿ ಆಗಲ್ಲ, ಕಣ್ಣಿಗೆ ಪೊರೆ ಬರಲ್ಲ.”

“ಹಲ್ಲು ನೋಡಿ ಕುದುರೆ ವಯಸ್ಸು ಹೇಳಬಹುದು ಡಾಕ್ಟ್ರೆ,” ಎಂದು ವರ್ಲಿನ್ ಎದ್ದ. “ಓಟ ಹೇಳಕ್ಕಾಗಲ್ಲ.”

ಮಾತು ಚೆನ್ನಾಗಿತ್ತು, ಹೋಟೆಲು ನಕ್ಕಿತು. ಗೆದ್ದ ಗತ್ತಿನಲ್ಲೇ ಅವನು ಟ್ರಕ್ಕನ್ನು ಹಿಂದಕ್ಕೆ ತೆಗೆದ. ಚಪ್ಪಲಿ ಪ್ಯಾನ್‌ಕೇಕಿನ ಹಲಗೆ ಚಕ್ರದಡಿ ಸಿಕ್ಕಿ ಲಟಕ್ಕೆಂದಿತು, ಅದರ ಮೊಳೆಗಳು ಟೈರಿನೊಳಗೆ ಹೋದವು. ಊರಿನಲ್ಲಿ ಟೈರು ಅಂಗಡಿ ಇದ್ದದ್ದು ಒಂದೇ, ಅದು ಟ್ರೆಂಟ್ ಹೋಗನ್‌ನದು.

ಆ ಅಂಗಡಿಗೆ ಹೋಗಲು ವರ್ಲಿನ್‌ಗೆ ಎಂದೂ ಸಂಕೋಚವಾಗಿರಲಿಲ್ಲ. ಒಳಗೆ ಕಾಲಿಟ್ಟರೆ ಎದುರಿಗೇ, ಗಾಜಿನ ಚೌಕಟ್ಟಿನಲ್ಲಿ, ಅವನ ಐದನೆಯ ಪುಟ. ‘ಈ ಕೈಯನ್ನು ದೇವರು ಬಿಡುವು ಮಾಡಿಕೊಂಡು’ ಎನ್ನುವುದಕ್ಕೆ ಕೆಂಪು ಗೆರೆ. ಟೈರು ಕೊಳ್ಳಲು ಬಂದವರೆಲ್ಲ ಅದನ್ನು ಓದಿ, ಮಂಡಿ ಹಾಳಾಗದೆ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ಟ್ರೆಂಟ್‌ನ ಕೈ ನೋಡಿ ಹೋಗುತ್ತಿದ್ದರು. ವರ್ಲಿನ್‌ನ ಟ್ರಕ್ಕಿನ ಚಕ್ರಗಳನ್ನು ಟ್ರೆಂಟ್ ಒಂಬತ್ತು ವರ್ಷದಿಂದ ಪುಕ್ಕಟೆಯಾಗಿ ನೋಡಿಕೊಂಡಿದ್ದ.

“ಯಾರು ಏನು ಬೇಕಾದ್ರೂ ಓದಲಿ ಪೋಸ್ಮ ಸಾರ್,” ಎಂದ ಟ್ರೆಂಟ್, ಮೊಳೆ ಕೀಳುತ್ತಾ. “ನಮ್ಮಪ್ಪ ಸಾಯೋ ಹೊತ್ತಲ್ಲೂ ಈ ಪುಟ ಓದಿಸ್ಕೊಂಡ. ಅಷ್ಟು ಸಾಕು ನಂಗೆ.”

ಹೆಮ್ಮೆಯಿಂದ ವರ್ಲಿನ್‌ನ ಬೆನ್ನು ನೆಟ್ಟಗಾಯಿತು. ಇಂಥ ಪುಟವನ್ನು ಹಲ್ಲು ಕೀಳುವವನ ಡಬ್ಬಕ್ಕೆ ಕೊಡುವುದೆಂದರೇನು? ಮಧ್ಯಾಹ್ನ ಎದೆ ಕೊಟ್ಟು ನಿಂತೇ ನಿಲ್ಲುತ್ತೇನೆ, ಮೀನಿನ ವೇಷ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿ, ಅದನ್ನು ಹೇಳಿಬಿಡಲು ನೇರವಾಗಿ ಮೈದಾನದ ಹಿಂದಿನ ಬಟ್ಟೆ ಒಗೆಯುವ ಕೋಣೆಗೆ ಹೋದ.

ಅಲ್ಲಿ ಬರ್ನೀಸ್ ಟಟಲ್ ಮೀನಿನ ಬಾಲ ಹೊಲಿಯುತ್ತಿದ್ದಳು. ವರ್ಲಿನ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ಇಪ್ಪತ್ತಾರು ವರ್ಷದಿಂದ ತಂಡದ ಬಟ್ಟೆ ಒಗೆಯುವವಳು. ಆಟ ನೋಡುತ್ತಿರಲಿಲ್ಲ, ಪುಸ್ತಿಕೆ ಓದುತ್ತಿರಲಿಲ್ಲ. ಅವಳಿಗೆ ಆಟಗಾರರೆಂದರೆ ಮಣ್ಣಿನ ಕಲೆ, ಹುಲ್ಲಿನ ಕಲೆ.

“ಬಾ, ಬಾ. ಹೊಟ್ಟೆ ಹತ್ರ ಎರಡಂಗುಲ ಬಿಟ್ಟಿದೀನಿ. ಹೋದ ವರ್ಷ ಹೊಲಿಗೆ ಬಿಟ್ಟು ಮಕ್ಕಳೆಲ್ಲ ಹೆದರಿಕೊಂಡ್ವು.”

“ನಾನು ಹಾಕ್ಕೊಳಲ್ಲ ಬರ್ನೀಸ್. ಹದಿನೆಂಟನ್ನ ನೋಡಿ ನಾನು ಬರೆದಿದ್ದು ಸರಿ. ಕಣ್ಣಾರೆ ನೋಡಿದೀನಿ.”

“ಯಾವ ಹದಿನೆಂಟು?”

“ಟ್ರೆಂಟ್. ಅವನ ನಂಬರು ಹದಿನೆಂಟು, ಆ ರಸ್ಕ್‌ದು ಮೂವತ್ತೊಂದು.”

ಬರ್ನೀಸ್ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು. “ಅಯ್ಯೋ, ಆ ಮೂವತ್ತೊಂದಾ? ಅದನ್ನ ನಾನೇ ಕೆಡಿಸಿದೆ. ಒಣಗಿಸೋ ಯಂತ್ರ ಆಗಲೂ ಹೀಗೇ ಕೆಟ್ಟಿತ್ತು, ಕೆಂಡದ ಥರ ಕಾದು ಅಂಗಿ ಗೇಣುದ್ದ ಕುಗ್ಗಿ ಹೋಯ್ತು. ಕೋಲ್ಬಿಗೆ ತೋಳು ಎತ್ತಕ್ಕೇ ಆಗ್ತಿರ್ಲಿಲ್ಲ. ಟ್ರೆಂಟ್‌ದು ಭುಜ ಸಣ್ಣದಲ್ವಾ? ಮೂವತ್ತೊಂದು ಅವನಿಗೆ ಕೊಟ್ಟು, ಹದಿನೆಂಟು ಕೋಲ್ಬಿಗೆ ಹಾಕಿದೆ. ಹೊಸದು ಬರೋವರೆಗೆ ಹಾಗೇ ಆಡಿದ್ರು.”

ವರ್ಲಿನ್ ಬಟ್ಟೆಯ ಬುಟ್ಟಿಯ ಮೇಲೆ ಕೂತ. “ಯಾವತ್ತು?”

ಅವಳು ಗೂಡಿನಿಂದ ಒಂದು ಹಳೆಯ ಪುಸ್ತಕ ತೆಗೆದಳು. ಯಾವ ಅಂಗಿ ಯಾರ ಮೈಮೇಲಿದೆ ಎಂದು ಒಂದು ದಿನವೂ ಬಿಡದೆ ಬರೆದಿಡುತ್ತಿದ್ದಳು. ಏಪ್ರಿಲ್ ಒಂಬತ್ತರಿಂದ ಹದಿನೈದು. ವರ್ಲಿನ್ ಮಧ್ಯಾಹ್ನದ ವಾದಕ್ಕೆಂದು ಬೆಳಿಗ್ಗೆಯೇ ಜೇಬಿಗಿಟ್ಟುಕೊಂಡಿದ್ದ ತನ್ನ ಹಳೆಯ ಟಿಪ್ಪಣಿ ಪುಸ್ತಕ ತೆಗೆದ. ಆ ವರ್ಷ ಅವನು ಅಭ್ಯಾಸ ನೋಡಿದ ದಿನ ಏಪ್ರಿಲ್ ಹನ್ನೊಂದು.

ದೇವರು ಬಿಡುವು ಮಾಡಿಕೊಂಡು ಮಾಡಿದ ಆ ಕೈ ಕೋಲ್ಬಿ ರಸ್ಕ್‌ನದು. ಚಪ್ಪಲಿ ಅಂಗಡಿ ಬರೆದದ್ದು ಟ್ರೆಂಟ್‌ಗೆ. ಕಣ್ಣು ತಪ್ಪಿರಲಿಲ್ಲ, ತಪ್ಪಿದ್ದು ಅಂಗಿ. ವರ್ಲಿನ್ ಬರ್ನೀಸಳ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಅವಳ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಓಡಿದ.

“ಮೀನು?” ಎಂದು ಅವಳು ಕೂಗಿದಳು.

“ಡಾಕ್ಟ್ರಿಗೆ ಅಳತೆ ಮಾಡು,” ಎಂದ.

ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮು, ಆಲೂಗಡ್ಡೆ, ನಡುಗುವ ಹಸಿರು ಜೆಲ್ಲಿ ಎಲ್ಲ ಬಡಿಸಿ ಆಗಿತ್ತು. ಕೋಲ್ಬಿ ರಸ್ಕ್ ದಾರಿಯಲ್ಲಿದ್ದಾನೆ, ಹತ್ತು ನಿಮಿಷ ತಡ ಎಂದು ಸುದ್ದಿ ಬಂತು. ಹ್ಯೂಬರ್ ಕಾಯಲಿಲ್ಲ. ಎದ್ದು ನಿಂತು, ಚಮಚದಿಂದ ಲೋಟ ತಟ್ಟಿ, ಐದನೆಯ ಪುಟ ಓದಿದರು. ಚಪ್ಪಲಿ ಅಂಗಡಿ ಬಂದಾಗ ಇನ್ನೂರು ಜನ ಮೇಜು ಗುದ್ದಿ ನಕ್ಕರು.

“ವರ್ಲಿನ್ ಪೋಸ್ಮ ಏನಾದ್ರೂ ಹೇಳೋದಿದ್ಯಾ?”

“ಇದೆ,” ಎಂದು ವರ್ಲಿನ್ ಎದ್ದ.

ಅಂಥ ವಾದವನ್ನು ಆ ನೆಲಮಾಳಿಗೆ ಹಿಂದೆ ಕೇಳಿರಲಿಲ್ಲ. ಎರಡು ಪುಸ್ತಕಗಳನ್ನು ಅಕ್ಕಪಕ್ಕ ಬಿಡಿಸಿಟ್ಟ. ತಾರೀಕು ಓದಿದ. ಬರ್ನೀಸಳನ್ನು ಕರೆಸಿ ನಿಲ್ಲಿಸಿ, ಅಂಗಿ ಎಷ್ಟು ಕುಗ್ಗಿತ್ತೆಂದು ಅವಳ ಕೈಯಿಂದಲೇ ತೋರಿಸಿದ. ಹೋಟೆಲಿನ ಗೋಡೆಯ ಮೇಲಿದ್ದ, ಆ ವಾರದ ಅಭ್ಯಾಸದ ಫೋಟೋ ತರಿಸಿದ. ಅದರಲ್ಲಿ ಟ್ರೆಂಟ್‌ನ ಬೆನ್ನ ಮೇಲೆ ಮೂವತ್ತೊಂದು ಎಂದು ಸ್ಪಷ್ಟವಾಗಿತ್ತು. ನಗು ನಿಂತಿತು, ಮೇಜುಗಳು ಒಂದಕ್ಕೊಂದು ಪಿಸುಗುಟ್ಟಿದವು.

ಮಾತಿನ ನಡುವೆ ಅವನ ಕಣ್ಣು ಟ್ರೆಂಟ್‌ನ ಮೇಲೆ ಬಿತ್ತು. ಟ್ರೆಂಟ್ ತಟ್ಟೆಯನ್ನೇ ನೋಡುತ್ತಾ ಕೂತಿದ್ದ. ವರ್ಲಿನ್‌ಗೆ ಅವನ ಅಪ್ಪನ ನೆನಪಾಯಿತು. ಆದರೆ ಬಾಯಿ ನಿಲ್ಲಲಿಲ್ಲ. ನಾಲ್ಕು ವರ್ಷ ಮೀನಾದವನ ಬಾಯಿ ಅದು.

“ಆದ್ದರಿಂದ ಸಂಘದವರೇ, ಆ ಚಪ್ಪಲಿ ಅಂಗಡಿ ಸಾಲು ಕೋಲ್ಬಿ ರಸ್ಕ್ ಬಗ್ಗೆ ಅಲ್ಲ. ಅಲ್ಲವೇ ಅಲ್ಲ. ಅವನ ಬಗ್ಗೆ ನಾನು ಬರೆದಿದ್ದು ದೇವರು ಮಾಡಿದ ಕೈ ಅಂತ. ನನ್ನ ಕಣ್ಣು ಆಗಲೂ ಸರಿ, ಈಗಲೂ ಸರಿ.”

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಹ್ಯೂಬರ್ ಮನುಷ್ಯ ಒಣಕಲಾದರೂ ನ್ಯಾಯಸ್ಥ. ಎರಡೂ ಪುಸ್ತಕ ನೋಡಿ, ಫೋಟೋ ನೋಡಿ, “ಒಪ್ಪಿದೆ. ಭವಿಷ್ಯ ಸರಿ. ಮೀನಿಲ್ಲ, ಪುಟ ವರ್ಲಿನ್‌ದೇ,” ಎಂದು ಸಭೆಯ ವರದಿಯಲ್ಲಿ ಬರೆದರು. ಆರ್ಲೀನ್ ಕಣ್ಣೊರೆಸಿಕೊಂಡಳು. ವರ್ಲಿನ್ ಎರಡು ತುಂಡು ಪೈ ಬಡಿಸಿಕೊಂಡ. ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಬಾಗಿಲು ತೆರೆಯಿತು.

ಕೋಲ್ಬಿ ರಸ್ಕ್ ಎತ್ತರದ ಆಳು, ಭುಜಕ್ಕೆ ಪಟ್ಟಿ. ಊರು ಕೈಕುಲುಕಿ ಮುಗಿಸಲು ಬಿಡದೆ ಅವನು ನೇರವಾಗಿ ಕೇಳಿದ: “ವರ್ಲಿನ್ ಪೋಸ್ಮ ಅನ್ನೋರು ಯಾರು?”

ವರ್ಲಿನ್ ಪೈ ನುಂಗಿದ. ಕೋಲ್ಬಿ ತಲೆಯ ಮೇಲಿನ ಟೋಪಿ ತೆಗೆದು, ಅದರ ಒಳಪಟ್ಟಿಯಿಂದ ಬೆವರಿನಲ್ಲಿ ನೆಂದು ಹಳದಿಯಾದ ಒಂದು ಕಾಗದದ ಚೂರನ್ನು ಬಿಡಿಸಿದ. ಚಪ್ಪಲಿ ಅಂಗಡಿ ಸಾಲು.

“ಸಾರ್, ಹತ್ತು ವರ್ಷದಿಂದ ಇದು ನನ್ನ ಟೋಪಿಯೊಳಗಿದೆ. ಪ್ರತಿ ಪಂದ್ಯಕ್ಕೆ ಮುಂಚೆ ಓದ್ತೀನಿ. ಓದಿದ ತಕ್ಷಣ ಮೈಯೆಲ್ಲ ಉರಿಯತ್ತೆ. ಈ ಮುದುಕನಿಗೆ ತೋರಿಸ್ತೀನಿ ಅಂತಾನೇ ಇಷ್ಟು ವರ್ಷ ಎಸೆದಿದೀನಿ. ಹೊಗಳಿದೋರು ನೂರು ಜನ ಇದ್ರು, ಅವರ ಹೆಸರೊಂದೂ ನೆನಪಿಲ್ಲ. ನನ್ನನ್ನ ಆಟಗಾರ ಮಾಡಿದ್ದು ಈ ಸಾಲು.” ಅವನು ಊರಿನ ಕಡೆ ತಿರುಗಿದ. “ಮೈದಾನದಲ್ಲಿ ಆಟ ನೋಡಿ ಬರೆಯೋರಿಗೆ ಒಂದು ಒಳ್ಳೇ ಕೋಣೆ ಇಲ್ಲ. ನಾನು ಕಟ್ಟಿಸ್ತೀನಿ. ಗಾಜಿನ ಕಿಟಕಿ, ಬೆಚ್ಚಗಿರೋ ಹಾಗೆ. ಬಾಗಿಲ ಮೇಲೆ ಹಿತ್ತಾಳೆ ಅಕ್ಷರದಲ್ಲಿ ಒಂದೇ ಹೆಸರು: ವರ್ಲಿನ್ ಪೋಸ್ಮ. ಒಳಗೆ ಅವರಿಗೆ ಬದುಕಿರೋವರೆಗೆ ಒಂದು ಕುರ್ಚಿ.”

ವರ್ಲಿನ್‌ಗೆ ಕಣ್ಣು ಮಂಜಾಯಿತು. ಹಿತ್ತಾಳೆ ಅಕ್ಷರ. ಪುಸ್ತಿಕೆಯ ಪುಟವಾದರೆ ಮಾರನೆಯ ದಿನ ಕಡಲೆಕಾಯಿ ಸಿಪ್ಪೆಯ ಜೊತೆ ಗುಡಿಸಿ ಹೋಗುತ್ತದೆ, ಹಿತ್ತಾಳೆ ಹೋಗುವುದಿಲ್ಲ. ಅವನು ಕೈ ಚಾಚಿಕೊಂಡು ಎರಡು ಹೆಜ್ಜೆ ಮುಂದೆ ಹೋದ.

“ಒಂದು ನಿಮಿಷ,” ಎಂದು ಹ್ಯೂಬರ್ ಬೆರಳೆತ್ತಿದರು. “ವರದಿ ಪ್ರಕಾರ, ಆ ಸಾಲು ತಮ್ಮ ಬಗ್ಗೆ ಅಲ್ಲ. ಹನ್ನೆರಡೂವರೆಗೆ ಸಾಬೀತಾಗಿದೆ.”

ಕೋಲ್ಬಿಗೆ ಅರ್ಥವಾಗಲಿಲ್ಲ. ಇನ್ನೂರು ಜನ ಏಕಕಾಲಕ್ಕೆ ಅರ್ಥ ಮಾಡಿಸಿದರು. ಅಂಗಿ, ಯಂತ್ರ, ಏಪ್ರಿಲ್ ಹನ್ನೊಂದು. ಅವನು ಕಾಗದದ ಚೂರನ್ನೂ ವರ್ಲಿನ್‌ನನ್ನೂ ನೋಡಿದ. ಹತ್ತು ವರ್ಷ ಒಬ್ಬನ ಮೇಲೆ ಹಲ್ಲು ಕಡಿದು, ಕೊನೆಗೆ ಅವನು ತನ್ನ ಅಭಿಮಾನಿಯಾಗಿದ್ದನೆಂದು ತಿಳಿದವನ ಮುಖ ಹೇಗಿರುತ್ತದೆಂದು ಊರು ಅಂದು ನೋಡಿತು.

“ಅಂದ್ರೆ ನೀವು ನನ್ನನ್ನ ಹೊಗಳಿದ್ರಾ?”

“ಇಲ್ಲ,” ಎಂದ ವರ್ಲಿನ್. “ಇಲ್ಲಪ್ಪ. ನಿನ್ನನ್ನೇ ಬೈದಿದ್ದು. ಚಪ್ಪಲಿ ಅಂಗಡಿ ನಿನಗೇ.”

“ಅಲ್ಲ ವರ್ಲಿನ್, ನೀವೇ ಈಗ ತಾನೆ,” ಎಂದರು ಹ್ಯೂಬರ್.

“ನಾನು ಹೇಳಿದ್ದು ತಪ್ಪು. ನಾನು ಹತ್ತು ವರ್ಷದ ಹಿಂದೆ ತಪ್ಪು ಮಾಡಿದ್ದೆ. ಶುದ್ಧ ತಪ್ಪು. ಕಣ್ಣಿಗೆ ಪೊರೆ ಬಂದಿತ್ತು.”

ಹುಟ್ಟಿ ಅರವತ್ತೆಂಟು ವರ್ಷದಲ್ಲಿ ವರ್ಲಿನ್ ಪೋಸ್ಮನ ಬಾಯಿಂದ ಆ ಮಾತು ಮೊದಲ ಸಲ ಬಂದಿತ್ತು. ಆರ್ಲೀನ್ ಚಮಚ ಕೆಳಗಿಟ್ಟಳು. ಆದರೆ ಊರು ನಂಬಲಿಲ್ಲ.

“ವಿನಯ ನೋಡ್ರಪ್ಪ,” ಎಂದಿತು ಒಂದು ಮೇಜು. “ನೀನು ಸರಿಯಾಗೇ ಹೇಳಿದ್ದೆ ವರ್ಲಿನ್,” ಎಂದಿತು ಇನ್ನೊಂದು. “ಫೋಟೋ ಇದೆಯಲ್ಲ,” ಎಂದಿತು ಮೂರನೆಯದು.

“ಫೋಟೋಗೆ ಬೆಂಕಿ ಹಾಕ,” ಎಂದು ವರ್ಲಿನ್ ಮೇಜು ಗುದ್ದಿದ. ಹಸಿರು ಜೆಲ್ಲಿಗಳೆಲ್ಲ ನಡುಗಿದವು. “ನಾನು ನೋಡಿದ್ದು ಹನ್ನೊಂದನೇ ತಾರೀಕಲ್ಲ. ಆ ಹನ್ನೊಂದು ಇಪ್ಪತ್ತೊಂದೂ ಆಗಿರಬಹುದು. ಬರ್ನೀಸ್ ಪುಸ್ತಕ ಯಾರು ನಂಬ್ತಾರೆ? ಅವಳಿಗೆ ಆಟ ಅಂದ್ರೆ ಏನು ಗೊತ್ತು?”

“ನನ್ನ ಪುಸ್ತಕಕ್ಕೆ ಏನಾಗಿದೆ?” ಎಂದು ಬರ್ನೀಸ್ ಎದ್ದು ನಿಂತಳು. “ಒಂದು ಗಂಟೆ ಮುಂಚೆ ಇದೇ ಪುಸ್ತಕಕ್ಕೋಸ್ಕರ ಎರಡು ಕೆನ್ನೆಗೂ ಮುತ್ತು ಕೊಟ್ಟಿದ್ದು ಯಾರು?”

ಆರ್ಲೀನ್ ಗಂಡನ ಕಡೆ ತಿರುಗಿದಳು. ಆ ವಿಚಾರಕ್ಕೆ ಮನೆಗೆ ಹೋದ ಮೇಲೆ ಬೇರೆ ಸಮಯವಿದೆ ಎಂಬಂತಿತ್ತು ಅವಳ ನೋಟ.

ಕೋಲ್ಬಿ ಬರ್ನೀಸಳ ಹತ್ತಿರ ಹೋಗಿದ್ದ. “ಬರ್ನೀಸಮ್ಮ, ಆವತ್ತು ಹದಿನೆಂಟು ನನಗೆ ಹಾಕಿದ್ದು ನೀವಾ?”

“ನಾನೇ ಮಗ. ಮೂವತ್ತೊಂದು ನಿಂಗೆ ಕಂಕುಳಲ್ಲಿ ಹಿಡೀತಿತ್ತು.”

ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿದ. “ಹಾಗಾದ್ರೆ ನೀವು ಅಂಗಿ ಬದಲಾಯಿಸದೆ ಇದ್ದಿದ್ರೆ ಇವರು ನನ್ನನ್ನ ಹೊಗಳಿರ್ತಿದ್ರು. ಹೊಗಳಿಸ್ಕೊಂಡು ನಾನು ಉಬ್ಬಿ, ಆರು ತಿಂಗಳಿಗೆ ಮನೆಗೆ ಹೋಗಿರ್ತಿದ್ದೆ. ಈ ಸಾಲನ್ನ ನನ್ನ ಹೆಸರಿಗೆ ತಂದಿದ್ದು ನೀವು.” ಅವನು ಊರಿನ ಕಡೆ ತಿರುಗಿದ. “ಹಿತ್ತಾಳೆ ಹೆಸರು ಬರ್ನೀಸಮ್ಮಂದು.”

ಚಪ್ಪಾಳೆ ಈ ಸಲ ಮೊದಲಿನದಕ್ಕಿಂತ ಜೋರಾಗಿತ್ತು. ಬರ್ನೀಸ್ ಕೈ ಅಡ್ಡ ಹಿಡಿದಳು. “ಕೋಣೆ ಆಮೇಲಾಯ್ತು. ಮೊದಲು ಒಂದು ಒಣಗಿಸೋ ಯಂತ್ರ ಕೊಡಿಸು.” ಕೋಲ್ಬಿ ಅದಕ್ಕೂ ಹೂಂ ಎಂದ.

ವರ್ಲಿನ್ ನಿಧಾನವಾಗಿ ತನ್ನ ಪೈ ಇದ್ದ ಕಡೆಗೆ ಹಿಂದೆ ಸರಿಯುತ್ತಿದ್ದ. ಹಿತ್ತಾಳೆ ಹೋದರೆ ಹೋಗಲಿ, ಪುಟ ಉಳಿಯಿತಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದಾಗ ಹ್ಯೂಬರರ ಬೆರಳು ಮತ್ತೆ ಮೇಲೆದ್ದಿತು.

“ವರದಿಗೆ ಒಂದು ತಿದ್ದುಪಡಿ. ಭವಿಷ್ಯ ಹೇಳಿದವರು ಸ್ವತಃ, ತುಂಬಿದ ಸಭೇಲಿ, ಮೂರು ಸಲ, ತಾನು ತಪ್ಪಿದ್ದೆ ಅಂತ ಒಪ್ಪಿಕೊಂಡಿದಾರೆ. ನಿಯಮದಲ್ಲಿ ಸ್ಪಷ್ಟವಾಗಿದೆ. ಒಪ್ಪಿಗೆ ಇದ್ರೆ ಸಾಕ್ಷಿ ಬೇಡ.”

“ಆದ್ರೆ ನಾನು ತಪ್ಪಿಲ್ಲ,” ಎಂದ ವರ್ಲಿನ್. “ನೀವೇ ಎಲ್ಲ ಹೇಳಿದ್ರಲ್ಲ.”

“ನಾವು ಹೇಳಿದ್ವಿ. ನೀವು ಒಪ್ಪಲಿಲ್ಲ.”

ಮೂರು ಗಂಟೆಗೆ ಮಿಲ್ಬರ್ಗಿನ ಮೈದಾನದಲ್ಲಿ ಐದನೆಯ ವರ್ಷದ ಮೀನು ಹೊರಬಂತು. ಹೊಟ್ಟೆಯ ಹತ್ತಿರ ಬಿಟ್ಟಿದ್ದ ಎರಡಂಗುಲ ಸರಿಯಾಗಿ ಹೊಂದಿತ್ತು. ಬಾಯಿಯ ಬಲೆಯಿಂದ ಹೊರಗೆ ನೋಡಿದರೆ, ಮುಂದಿನ ವರ್ಷದಿಂದ ಐದನೆಯ ಪುಟ ಯಾರದೋ ಆ ಡಾಕ್ಟರು ಬಿಸಿಲಿಗೆ ಕಂಪ್ಯೂಟರು ಅಡ್ಡ ಹಿಡಿದು ಕೂತಿದ್ದರು. ವರ್ಲಿನ್‌ಗೆ ಅಳು ಬರಲಿಲ್ಲ, ಕೋಪ ಬಂತು. ಮಕ್ಕಳು ಬಾಲ ಎಳೆದರೂ ಕುಣಿಯಲಿಲ್ಲ. ರೆಕ್ಕೆ ಸೊಂಟದ ಮೇಲಿಟ್ಟು, ಮೈದಾನದ ಅಂಚಿನಲ್ಲಿ ನೆಟ್ಟಗೆ ನಿಂತ. ವೇಷ ಹಾಕಿಸಬಹುದು, ಕುಣಿಸಲು ಆಗುವುದಿಲ್ಲ.

ಟ್ರೆಂಟ್ ಹೋಗನ್ ಎರಡು ಹಾಟ್‌ಡಾಗ್ ಹಿಡಿದುಕೊಂಡು ಬಂದು, ಒಂದನ್ನು ಮೀನಿನ ಬಾಯಿಯೊಳಗೆ ತೂರಿಸಿದ.

“ಟ್ರೆಂಟ್,” ಎಂದಿತು ಮೀನು. “ನಿಮ್ಮಪ್ಪನ ವಿಷಯ. ನನಗೆ ಮಾತು ತಡೆಯೋಕೆ ಆಗಲಿಲ್ಲ. ನಾಚಿಕೆ ಆಗತ್ತೆ ಕಣಪ್ಪ.”

“ನಂಗೆ ಆಗಲೇ ಗುಮಾನಿ ಇತ್ತು ಸಾರ್. ಆ ವಾರ ಮಂಡಿ ಊದಿ ಒಂದು ಚೆಂಡೂ ನೆಟ್ಟಗೆ ಹೋಗಿರ್ಲಿಲ್ಲ. ಪುಟ ಓದಿದಾಗ್ಲೇ ಅಂದ್ಕೊಂಡೆ, ಇದು ಅಂಗಿನ ಹೊಗಳಿರೋದು, ನನ್ನನ್ನಲ್ಲ ಅಂತ. ಅಪ್ಪನಿಗೆ ಹೇಳಲಿಲ್ಲ, ಅಷ್ಟೆ.”

“ಚೌಕಟ್ಟು ತೆಗೀತೀಯಾ?”

“ಯಾಕೆ ತೆಗೀಲಿ? ಟೈರು ಕೊಳ್ಳೋಕೆ ಬಂದೋರು ಅಂಗಿ ನಂಬರು ಕೇಳಲ್ಲ.” ಟ್ರೆಂಟ್ ಹಾಟ್‌ಡಾಗ್ ಕಚ್ಚಿದ. “ಆದ್ರೆ ಪುಕ್ಕಟೆ ಟೈರು ಇವತ್ತಿಗೆ ಮುಗೀತು ಸಾರ್.”

ಅಷ್ಟರಲ್ಲಿ ಮೈದಾನದ ನಡುವಿನ ದಿಬ್ಬದ ಮೇಲೆ ಹೊಸ ಹುಡುಗನೊಬ್ಬ ಬಂದು ಕೈ ಬಿಸಿ ಮಾಡಿಕೊಳ್ಳತೊಡಗಿದ. ಒಂದು ಚೆಂಡು ಎಸೆದ, ಇನ್ನೊಂದು ಎಸೆದ. ಮೀನಿನೊಳಗೆ ವರ್ಲಿನ್ ಬಲೆಗೆ ಮುಖ ಒತ್ತಿದ. ಆ ಭುಜ, ಆ ಮೊಣಕೈ, ಚೆಂಡು ಬೆರಳಿನಿಂದ ಬಿಡುಗಡೆಯಾಗುವ ಆ ಸದ್ದಿಲ್ಲದ ಗಳಿಗೆ. ಹತ್ತು ವರ್ಷದಲ್ಲಿ ಒಮ್ಮೆ ಕಾಣುವಂಥದು.

“ಇಪ್ಪತ್ತಾರು,” ಎಂದು ಮೀನು ರೆಕ್ಕೆಯಿಂದ ಟ್ರೆಂಟ್‌ನ ತೋಳು ಹಿಡಿಯಿತು. “ಬರ್ಕೋ. ನಂಬರ್ ಇಪ್ಪತ್ತಾರು. ಮೂರೇ ವರ್ಷದಲ್ಲಿ ದೊಡ್ಡ ಲೀಗು.”

“ಮೊದಲು ಬರ್ನೀಸಮ್ಮನ್ನ ಕೇಳಿ ಸಾರ್.”

ಬರ್ನೀಸ್ ಬಟ್ಟೆ ಕೋಣೆಯ ಬಾಗಿಲಲ್ಲಿ ನಿಂತು ಒಂದು ಒದ್ದೆ ಅಂಗಿಯನ್ನು ಹಿಂಡುತ್ತಿದ್ದಳು. ಅದರ ಬೆನ್ನ ಮೇಲೆ ನಲವತ್ತು ಎಂದಿತ್ತು.

“ಅದು ಇಪ್ಪತ್ತಾರಲ್ಲ ವರ್ಲಿನ್,” ಎಂದು ಅವಳು ಅಲ್ಲಿಂದಲೇ ಕೂಗಿದಳು. “ನಲವತ್ತು. ಅವನದು ಇನ್ನೂ ಒಣಗಿಲ್ಲ.”

ಹುಡುಗ ಇನ್ನೊಂದು ಚೆಂಡು ಎಸೆದ.

“ನಂಬರು ಯಾವುದಾದ್ರೂ ಇರಲಿ,” ಎಂದಿತು ಮೀನು, ಇಡೀ ಮೈದಾನಕ್ಕೆ ಕೇಳುವಂತೆ. “ಕೈ ನೋಡ್ರಯ್ಯಾ, ಕೈ. ಯಾರಾದ್ರೂ ಬರ್ಕೊಳ್ಳಿ.”

ಯಾರೂ ಬರೆದುಕೊಳ್ಳಲಿಲ್ಲ. ಅವನೇ ಬರೆದುಕೊಳ್ಳೋಣವೆಂದರೆ ಮೀನಿಗೆ ಜೇಬಿರಲಿಲ್ಲ.